ಸೇವಾ ಸಂಸ್ಥೆಗಳು ತಮ್ಮ ಕೆಲಸದ ಪರಿಣಾಮವನ್ನು ಅಳೆದು ವರದಿ ಮಾಡುವ ಬಗೆ: ಒಂದು ಮಾರ್ಗದರ್ಶಿ

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಎದ್ದು ಕಾಣುವುದು ಸಾಮಾನ್ಯವಾಗಿ ಚಟುವಟಿಕೆಗಳ ಪಟ್ಟಿ. ಇಷ್ಟು ತರಬೇತಿ ಶಿಬಿರಗಳನ್ನು ನಡೆಸಿದೆವು, ಇಷ್ಟು ಪುಸ್ತಕ ಹಂಚಿದೆವು, ಇಷ್ಟು ಸಸಿ ನೆಟ್ಟೆವು ಎಂಬ ಲೆಕ್ಕಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ತರಬೇತಿ ಪಡೆದವರಿಗೆ ಕೆಲಸ ಸಿಕ್ಕಿತೇ, ಪುಸ್ತಕ ಪಡೆದ ಮಕ್ಕಳು ಓದಲು ಕಲಿತರೇ, ನೆಟ್ಟ ಸಸಿಗಳಲ್ಲಿ ಎಷ್ಟು ಮೂರನೆಯ ಬೇಸಿಗೆಯನ್ನು ದಾಟಿದವು ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ವ್ಯಾಪಾರದಲ್ಲಿ ಸರಕು ಹಿಡಿಸದ ಗ್ರಾಹಕ ಬೇರೆಡೆ ಹೋಗುತ್ತಾನೆ, ಅದರ ಸುದ್ದಿ ಮಾರಾಟದ ಲೆಕ್ಕದಲ್ಲಿ ತಾನಾಗಿಯೇ ತಲುಪುತ್ತದೆ. ಸೇವಾ ಸಂಸ್ಥೆಯಲ್ಲಿ ಹಣ ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು. ಸೇವೆ ಉಪಯೋಗಕ್ಕೆ ಬಾರದಿದ್ದರೂ ಹಣ ಬರುತ್ತಲೇ ಇರಬಹುದು. ಹಾಗಾಗಿ ಪರಿಣಾಮದ ಅಳತೆಯನ್ನು ಮೊದಲಿಗೆ ಸೇವೆ ಪಡೆಯುವವರಿಗೆ ಕೊಡಬೇಕಾದ ಉತ್ತರವೆಂದೂ, ದಾನಿಗಳಿಗೆ ಸಲ್ಲಿಸುವ ದಾಖಲೆಯೆಂಬುದು ಅದರ ನಂತರದ ಉಪಯೋಗವೆಂದೂ ತಿಳಿದು ಈ ಲೇಖನದ ಹಂತಗಳನ್ನು ಜೋಡಿಸಲಾಗಿದೆ.

ಮೊದಲು ತೀರ್ಮಾನ, ಆಮೇಲೆ ಸೂಚಕ

ಅಳತೆಯ ಕೆಲಸವನ್ನು ಪ್ರಶ್ನಾವಳಿ ಬರೆಯುವುದರಿಂದ ಆರಂಭಿಸಬಾರದು. ಮುಂದಿನ ಒಂದೆರಡು ವರ್ಷಗಳಲ್ಲಿ ಸಂಸ್ಥೆ ಯಾವ ತೀರ್ಮಾನಗಳನ್ನು ತೆಗೆದುಕೊಳ್ಳಬೇಕಾಗಿದೆ ಎಂಬುದನ್ನು ಆಡಳಿತ ಮಂಡಳಿಯವರು, ಕಾರ್ಯಕ್ರಮ ನೋಡಿಕೊಳ್ಳುವವರು ಮತ್ತು ಕ್ಷೇತ್ರ ಕಾರ್ಯಕರ್ತರು ಒಟ್ಟಿಗೆ ಕುಳಿತು ಬರೆದುಕೊಳ್ಳುವುದು ಮೊದಲ ಹೆಜ್ಜೆ. ಸಂಜೆ ತರಗತಿಗಳನ್ನು ಮುಂದುವರಿಸಬೇಕೇ, ತರಬೇತಿಯ ಅವಧಿಯನ್ನು ಹೆಚ್ಚಿಸಬೇಕೇ, ಹೊಸ ಪ್ರದೇಶಕ್ಕೆ ಕಾಲಿಡಬೇಕೇ ಎಂಬಂಥ ಪ್ರಶ್ನೆಗಳು ಇಲ್ಲಿ ಬರಬೇಕು. ಮುಂದೆ ಯಾರೇ ಒಂದು ಸೂಚಕವನ್ನು ಸೂಚಿಸಿದರೂ ಅದರ ಎದುರಿಗೆ ಎರಡು ಸಾಲು ಬರೆಯುವ ನಿಯಮವಿರಲಿ: ಈ ಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಬಂದರೆ ಏನನ್ನು ಬದಲಿಸುತ್ತೇವೆ, ಬದಲಿಸುವ ಅಧಿಕಾರ ಯಾರದ್ದು. ಈ ಎರಡು ಸಾಲುಗಳನ್ನು ಬರೆಯಲು ಆಗದ ಸೂಚಕವನ್ನು ಕೈಬಿಡುವುದು ಒಳ್ಳೆಯದು, ಏಕೆಂದರೆ ಅದನ್ನು ತುಂಬಿಸಲು ಕ್ಷೇತ್ರ ಕಾರ್ಯಕರ್ತರ ಸಮಯವೂ ಉತ್ತರಿಸುವ ಜನರ ಸಮಯವೂ ವ್ಯರ್ಥವಾಗುತ್ತದೆ.

ಬದಲಾವಣೆಯ ಸರಪಳಿಯನ್ನು ಬರೆದು ನೋಡಿ

ಎರಡನೆಯ ಹಂತದಲ್ಲಿ, ಸಂಸ್ಥೆಯ ಕೆಲಸದಿಂದ ಬದಲಾವಣೆ ಹೇಗೆ ಆಗುತ್ತದೆ ಎಂಬ ನಂಬಿಕೆಯನ್ನು ಕಾಗದದ ಮೇಲೆ ತರಬೇಕು. ಸಂಪನ್ಮೂಲ, ಚಟುವಟಿಕೆ, ಚಟುವಟಿಕೆಯಿಂದ ನೇರವಾಗಿ ಒದಗಿದ್ದು, ಅದರಿಂದ ಜನರ ಬದುಕಿನಲ್ಲಿ ಆದ ಬದಲಾವಣೆ, ದೀರ್ಘಾವಧಿಯ ಪರಿಣಾಮ ಎಂಬ ಐದು ಮೆಟ್ಟಿಲುಗಳ ಈ ಕ್ರಮ ಹೊಸದಲ್ಲ. 1969ರ ಸುಮಾರಿಗೆ ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪಿಸಿದ ಲಾಜಿಕಲ್ ಫ್ರೇಮ್‌ವರ್ಕ್ ಎಂಬ ಚೌಕಟ್ಟು ಇಂದಿಗೂ ‘ಲಾಗ್‌ಫ್ರೇಮ್’ ಎಂಬ ಹೆಸರಿನಲ್ಲಿ ಧನಸಹಾಯದ ಅರ್ಜಿಗಳಲ್ಲಿ ಬಳಕೆಯಲ್ಲಿದೆ. 1990ರ ದಶಕದಲ್ಲಿ ಅಮೆರಿಕದ ಚಿಂತನ ಸಂಸ್ಥೆಯಾದ ಆಸ್ಪೆನ್ ಇನ್‌ಸ್ಟಿಟ್ಯೂಟ್‌ನ ಚರ್ಚೆಗಳ ಮೂಲಕ ‘ಥಿಯರಿ ಆಫ್ ಚೇಂಜ್’ ಎಂಬ ವಿಧಾನ ಹೆಚ್ಚು ಪ್ರಚಾರಕ್ಕೆ ಬಂತು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗಲು ಯಾವ ಊಹೆಗಳನ್ನು ನಂಬಿಕೊಂಡಿದ್ದೇವೆ ಎಂಬುದನ್ನು ಬಾಯಿಬಿಟ್ಟು ಹೇಳುವಂತೆ ಒತ್ತಾಯಿಸುವುದು ಅದರ ಮುಖ್ಯ ಗುಣ.

ಈ ಊಹೆಗಳ ಭಾಗವನ್ನು ಅವಸರದಲ್ಲಿ ಮುಗಿಸಬಾರದು. ಕುಡಿಯುವ ನೀರಿನ ಪಂಪು ಹಾಕಿಸಿದರೆ ಮಕ್ಕಳ ಭೇದಿ ಕಡಿಮೆಯಾಗುತ್ತದೆ ಎಂದು ಬರೆಯುವುದು ಸುಲಭ. ಆದರೆ ಆ ಒಂದು ವಾಕ್ಯದೊಳಗೆ ಪಂಪಿನ ನೀರು ಶುದ್ಧವಾಗಿದೆ, ಪಂಪು ಕೆಟ್ಟರೆ ರಿಪೇರಿ ಮಾಡುವವರೂ ಬಿಡಿಭಾಗಗಳೂ ಸಿಗುತ್ತವೆ, ಮನೆಗೆ ತಂದ ನೀರನ್ನು ಮುಚ್ಚಿಡುತ್ತಾರೆ, ಕೈ ತೊಳೆಯಲು ಸಾಕಾಗುವಷ್ಟು ನೀರು ಬರುತ್ತದೆ ಎಂಬ ನಾಲ್ಕು ಊಹೆಗಳು ಅಡಗಿವೆ. ಇವುಗಳಲ್ಲಿ ಯಾವುದು ಅತ್ಯಂತ ದುರ್ಬಲವೋ ಅದರ ಮೇಲೆಯೇ ಒಂದು ಸೂಚಕ ಇರಬೇಕು. ಹಾಕಿಸಿದ ಪಂಪುಗಳ ಸಂಖ್ಯೆಗಿಂತ, ಭೇಟಿ ಕೊಟ್ಟ ದಿನ ನೀರು ಬರುತ್ತಿದ್ದ ಪಂಪುಗಳ ಪ್ರಮಾಣ ಹೆಚ್ಚು ವಿಷಯ ತಿಳಿಸುತ್ತದೆ.

ಕೆಲವೇ ಸೂಚಕಗಳು, ಆದರೆ ಸರಿಯಾದ ಛೇದ

ಒಂದು ಕಾರ್ಯಕ್ರಮಕ್ಕೆ ಐದಾರು ಸೂಚಕಗಳಿಗಿಂತ ಹೆಚ್ಚು ಇಟ್ಟುಕೊಂಡ ಸಣ್ಣ ಸಂಸ್ಥೆ ಯಾವುದನ್ನೂ ಚೆನ್ನಾಗಿ ಅಳೆಯಲಾರದು. ಪ್ರತಿ ಸೂಚಕಕ್ಕೂ ವ್ಯಾಖ್ಯೆ, ಅಳೆಯುವ ವಿಧಾನ, ಅಳೆಯುವವರು, ಅಳೆಯುವ ಸಮಯ, ಮಾಹಿತಿಯ ಮೂಲ ಇವನ್ನು ಒಂದು ಪುಟದಲ್ಲಿ ಬರೆದಿಡಬೇಕು. ‘ಓದಲು ಬರುತ್ತದೆ’ ಎಂದರೆ ಏನು? ನಾಲ್ಕು ಸಾಲಿನ, ಹಿಂದೆ ನೋಡಿರದ ಒಂದು ಪರಿಚ್ಛೇದವನ್ನು ಮಗು ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಗಟ್ಟಿಯಾಗಿ ಓದುವುದು ಎಂದು ನಿಗದಿ ಮಾಡಿಕೊಂಡರೆ ಇಬ್ಬರು ಬೇರೆಬೇರೆ ಕಾರ್ಯಕರ್ತರು ಅಳೆದರೂ ಒಂದೇ ಉತ್ತರ ಬರುತ್ತದೆ.

ಅತಿ ಹೆಚ್ಚು ತಪ್ಪುಗಳು ಆಗುವುದು ಶೇಕಡಾವಾರು ಲೆಕ್ಕದ ಛೇದದಲ್ಲಿ. ಒಂದು ಕಲ್ಪಿತ ಉದಾಹರಣೆ ನೋಡೋಣ. ಓದುವ ಕಾರ್ಯಕ್ರಮಕ್ಕೆ 400 ಮಕ್ಕಳು ಸೇರಿದರು, ಆರಂಭದ ಪರೀಕ್ಷೆಯಲ್ಲಿ ಅವರಲ್ಲಿ 100 ಮಂದಿಗೆ, ಅಂದರೆ ಶೇ. 25ರಷ್ಟು ಮಕ್ಕಳಿಗೆ, ಪರಿಚ್ಛೇದ ಓದಲು ಬರುತ್ತಿತ್ತು. ವರ್ಷದ ಕೊನೆಯಲ್ಲಿ 280 ಮಕ್ಕಳು ಪರೀಕ್ಷೆಗೆ ಸಿಕ್ಕರು, ಅವರಲ್ಲಿ 168 ಮಂದಿ, ಅಂದರೆ ಶೇ. 60ರಷ್ಟು, ಓದಿದರು. ಶೇ. 25ರಿಂದ 60ಕ್ಕೆ ಏರಿಕೆ ಎಂದು ವರದಿಯ ಮುಖಪುಟದಲ್ಲಿ ಹಾಕುವ ಆಸೆ ಇಲ್ಲಿ ಹುಟ್ಟುತ್ತದೆ. ಆದರೆ ನಡುವೆ ಬಿಟ್ಟುಹೋದ ಅಥವಾ ಪರೀಕ್ಷೆಯ ದಿನ ಬಾರದ 120 ಮಕ್ಕಳು ಯಾರು ಎಂದು ಹಾಜರಿ ಪುಸ್ತಕ ತೆಗೆದು ನೋಡಿದರೆ, ಅವರಲ್ಲಿ ಐವರನ್ನು ಬಿಟ್ಟು ಉಳಿದವರೆಲ್ಲ ಆರಂಭದಲ್ಲಿ ಓದಲು ಬಾರದವರೇ ಆಗಿದ್ದರು ಎಂದಿಟ್ಟುಕೊಳ್ಳಿ. ಹಾಗಾದರೆ ಕೊನೆಯವರೆಗೆ ಉಳಿದ 280 ಮಕ್ಕಳಲ್ಲಿ ಆರಂಭದಲ್ಲೇ 95 ಮಂದಿಗೆ ಓದಲು ಬರುತ್ತಿತ್ತು, ಅದು ಶೇ. 34. ನಿಜವಾದ ಏರಿಕೆ 35 ಶೇಕಡಾ ಅಂಶವಲ್ಲ, 26 ಶೇಕಡಾ ಅಂಶ. ಎರಡೂ ಬಾರಿ ಅಳೆಯಲಾದ ಅದೇ ಮಕ್ಕಳನ್ನು ಮಾತ್ರ ಹೋಲಿಸಬೇಕು, ಕೈತಪ್ಪಿದವರ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಹೇಳಬೇಕು. ಕೈತಪ್ಪಿದವರೇ ಹೆಚ್ಚು ನೆರವು ಬೇಕಾಗಿದ್ದವರು ಎಂಬ ಸಂಗತಿ ಆ ಸಂಸ್ಥೆಯ ಮುಂದಿನ ವರ್ಷದ ಯೋಜನೆಗೆ ಶೇ. 60ಕ್ಕಿಂತ ದೊಡ್ಡ ಸುದ್ದಿ.

ಒಟ್ಟು ಸಂಖ್ಯೆಯನ್ನು ಲಿಂಗ, ವಯಸ್ಸು, ಅಂಗವೈಕಲ್ಯ ಮತ್ತು ಸ್ಥಳಕ್ಕೆ ತಕ್ಕಂತೆ ಬಿಡಿಸಿ ನೋಡುವುದೂ ಇದೇ ಕಾರಣಕ್ಕೆ ಅಗತ್ಯ. ಅಂಗವೈಕಲ್ಯವಿದೆಯೇ ಎಂದು ನೇರವಾಗಿ ಕೇಳಿದರೆ ಸಂಕೋಚದಿಂದಲೋ ಅವಮಾನದ ಭಯದಿಂದಲೋ ಬಹಳಷ್ಟು ಜನ ಇಲ್ಲವೆನ್ನುತ್ತಾರೆ. 2001ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಅಡಿಯಲ್ಲಿ ರೂಪುಗೊಂಡ ವಾಷಿಂಗ್ಟನ್ ಗ್ರೂಪ್ ಸಿದ್ಧಪಡಿಸಿದ ಆರು ಪ್ರಶ್ನೆಗಳಲ್ಲಿ ಆ ಪದವೇ ಬರುವುದಿಲ್ಲ. ನೋಡುವುದು, ಕೇಳುವುದು, ನಡೆಯುವುದು, ನೆನಪಿಡುವುದು ಅಥವಾ ಗಮನ ಕೊಡುವುದು, ತನ್ನ ಆರೈಕೆ ತಾನೇ ಮಾಡಿಕೊಳ್ಳುವುದು, ಇತರರೊಡನೆ ಸಂವಹನ ಇವುಗಳಲ್ಲಿ ಕಷ್ಟವಾಗುತ್ತದೆಯೇ ಎಂದು ಕೇಳಿ, ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಸಾಧ್ಯವೇ ಇಲ್ಲ ಎಂಬ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿಕೊಳ್ಳುತ್ತಾರೆ. ಮಕ್ಕಳಿಗಾಗಿ ಯುನಿಸೆಫ್ ಜೊತೆ ಸೇರಿ ರೂಪಿಸಿದ ಬೇರೆಯೇ ಪ್ರಶ್ನಾವಳಿ ಇದೆ. ಪ್ರಶ್ನೆಗಳನ್ನು ತಮಗೆ ತೋಚಿದಂತೆ ತಿದ್ದದೆ ಇದ್ದ ಹಾಗೆಯೇ ಕೇಳಿದರೆ ಇತರ ಸಂಸ್ಥೆಗಳ ಅಂಕಿಗಳೊಡನೆ ಹೋಲಿಸಲು ಬರುತ್ತದೆ.

ಆರಂಭದ ಸ್ಥಿತಿ, ಮಾದರಿ, ಮಾಹಿತಿ ಸಂಗ್ರಹ

ಕಾರ್ಯಕ್ರಮ ಶುರುವಾಗುವ ಮುನ್ನವೇ ಬೇಸ್‌ಲೈನ್ ಸಮೀಕ್ಷೆ ಮುಗಿದಿರಬೇಕು. ಅದು ಇಲ್ಲದಿದ್ದರೆ, ಮೊದಲು ಹೇಗಿತ್ತು ಎಂದು ಜನರ ನೆನಪನ್ನು ಕೇಳಿ ತುಂಬಿಸಬೇಕಾಗುತ್ತದೆ, ಹಾಗೆ ತುಂಬಿಸಿದ್ದನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಎಲ್ಲರನ್ನೂ ಮಾತಾಡಿಸುವ ಅಗತ್ಯವಿಲ್ಲ. ಜನಸಂಖ್ಯೆ ದೊಡ್ಡದಿದ್ದು, ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಸುಮಾರು 385 ಮಂದಿಯನ್ನು ಕೇಳಿದರೆ ಶೇ. 95ರ ವಿಶ್ವಾಸ ಮಟ್ಟದಲ್ಲಿ, ಅಂದರೆ ಇಂಥ ನೂರು ಸಮೀಕ್ಷೆಗಳಲ್ಲಿ ಸುಮಾರು 95ರಲ್ಲಿ, ಶೇಕಡಾವಾರು ಅಂಕಿ ನಿಜಸ್ಥಿತಿಯ 5 ಅಂಶ ಆಚೀಚೆಯೊಳಗೆ ಸಿಗುತ್ತದೆ; 10 ಅಂಶದ ಆಚೀಚೆ ಸಾಕೆಂದರೆ ಸುಮಾರು 96 ಮಂದಿ ಸಾಕು. ಆದರೆ ಕೆಲವು ಬಡಾವಣೆಗಳನ್ನೋ ಹಳ್ಳಿಗಳನ್ನೋ ಮೊದಲು ಆರಿಸಿ ಅಲ್ಲಿಯವರನ್ನೇ ಕೇಳುವ ಗುಚ್ಛ ಮಾದರಿಯಲ್ಲಿ ಅಕ್ಕಪಕ್ಕದವರ ಉತ್ತರಗಳು ಒಂದೇ ರೀತಿ ಇರುವುದರಿಂದ ಇದಕ್ಕಿಂತ ಹೆಚ್ಚು ಜನ ಬೇಕಾಗುತ್ತಾರೆ. ಕಾರ್ಯಕರ್ತರು ತಮಗೆ ಪರಿಚಯವಿರುವ, ಮಾತಿಗೆ ಸುಲಭವಾಗಿ ಸಿಗುವ ಮನೆಗಳನ್ನು ಆರಿಸಿಕೊಂಡರೆ ಎಷ್ಟು ಸಾವಿರ ಮಂದಿಯನ್ನು ಕೇಳಿದರೂ ಆ ದೋಷ ಹೋಗುವುದಿಲ್ಲ.

ಪಾಠ ಹೇಳಿದ ಶಿಕ್ಷಕಿಯೇ ತನ್ನ ತರಗತಿಯ ಅಂತಿಮ ಪರೀಕ್ಷೆ ಮಾಡಬಾರದು, ಸಾಲ ಕೊಟ್ಟ ಕಾರ್ಯಕರ್ತನೇ ಆ ಸಾಲದಿಂದ ಅನುಕೂಲವಾಯಿತೇ ಎಂದು ಕೇಳಬಾರದು. ಎದುರಿಗೆ ಕುಳಿತವರ ಮನಸ್ಸು ನೋಯಿಸಲು ಯಾರೂ ಇಷ್ಟಪಡುವುದಿಲ್ಲ. ಹೊರಗಿನವರನ್ನು ಕರೆಸಲು ಹಣವಿಲ್ಲದಿದ್ದರೆ ಒಂದು ಕೇಂದ್ರದವರು ಇನ್ನೊಂದು ಕೇಂದ್ರದಲ್ಲಿ ಅಳೆಯುವ ವ್ಯವಸ್ಥೆ ಮಾಡಿಕೊಳ್ಳಬಹುದು, ತುಂಬಿದ ಫಾರಂಗಳಲ್ಲಿ ಹತ್ತಕ್ಕೊಂದನ್ನು ಮೇಲ್ವಿಚಾರಕರು ಮತ್ತೆ ಹೋಗಿ ಪರಿಶೀಲಿಸಬಹುದು. ಪ್ರಶ್ನೆ ಕೇಳುವ ಮುನ್ನ ಯಾಕೆ ಕೇಳುತ್ತಿದ್ದೇವೆ, ಮಾಹಿತಿ ಯಾರ ಕೈಗೆ ಹೋಗುತ್ತದೆ, ಉತ್ತರಿಸದಿದ್ದರೂ ಸೇವೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಹೆಸರು ಮತ್ತು ಫೋನ್ ನಂಬರ್ ಇರುವ ಹಾಳೆಯನ್ನು ಉತ್ತರಗಳ ಹಾಳೆಯಿಂದ ಬೇರ್ಪಡಿಸಿ, ನಡುವೆ ಒಂದು ಸಂಕೇತ ಸಂಖ್ಯೆಯನ್ನಷ್ಟೇ ಉಳಿಸಬೇಕು. ಎಚ್ಐವಿ, ಕೌಟುಂಬಿಕ ದೌರ್ಜನ್ಯ, ವಲಸೆಯಂಥ ವಿಷಯಗಳಲ್ಲಿ ಈ ಒಂದು ಎಚ್ಚರಿಕೆ ತಪ್ಪಿದರೆ ಯಾರದ್ದೋ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥ ಮಾಹಿತಿಯನ್ನು ಭದ್ರವಾಗಿ ಇಡಲು ಆಗದಿದ್ದರೆ ಅದನ್ನು ಸಂಗ್ರಹಿಸಲೇಬಾರದು.

ಸಂಖ್ಯೆಗಳ ಜೊತೆಗೆ ಜನರ ಮಾತಿಗೂ ಒಂದು ಕ್ರಮವಾದ ದಾರಿ ಬೇಕು. 1990ರ ದಶಕದಲ್ಲಿ ಮೌಲ್ಯಮಾಪನ ತಜ್ಞ ರಿಕ್ ಡೇವಿಸ್ ಅವರು ಬಾಂಗ್ಲಾದೇಶದ ಗ್ರಾಮೀಣ ಕಾರ್ಯಕ್ರಮವೊಂದರಲ್ಲಿ ರೂಪಿಸಿದ ‘ಮೋಸ್ಟ್ ಸಿಗ್ನಿಫಿಕಂಟ್ ಚೇಂಜ್’ ವಿಧಾನದಲ್ಲಿ, ಈ ಅವಧಿಯಲ್ಲಿ ನಿಮಗೆ ಅತಿ ಮುಖ್ಯವೆನಿಸಿದ ಬದಲಾವಣೆ ಯಾವುದು, ಯಾಕೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬಂದ ಕಥನಗಳಲ್ಲಿ ಯಾವುದನ್ನು ಯಾವ ಕಾರಣಕ್ಕೆ ಆರಿಸಿದೆವು ಎಂಬುದನ್ನೂ ಹಂತಹಂತವಾಗಿ ಚರ್ಚಿಸಿ ದಾಖಲಿಸುತ್ತಾರೆ. ಆಯ್ಕೆಯ ಕಾರಣ ದಾಖಲಾಗುವುದರಿಂದಲೇ ಇದು ಛಾಯಾಚಿತ್ರದೊಡನೆ ಅಚ್ಚಾಗುವ ಯಶೋಗಾಥೆಗಿಂತ ನಂಬಲರ್ಹವಾಗುತ್ತದೆ. ಯಾರೂ ಊಹಿಸಿರದ ಕೆಡುಕುಗಳು ಬೆಳಕಿಗೆ ಬರುವುದೂ ಇಂಥ ಮಾತುಕತೆಯಲ್ಲೇ.

ನಮ್ಮಿಂದ ಆದದ್ದು ಎಷ್ಟು

ಈ ಹಂತವನ್ನು ಬಹಳಷ್ಟು ವರದಿಗಳು ಹಾರಿಸಿಬಿಡುತ್ತವೆ. ಮೇಲಿನ ಉದಾಹರಣೆಗೆ ಮರಳಿದರೆ, ಕಾರ್ಯಕ್ರಮವೇ ಇಲ್ಲದ ನೆರೆಯ ಶಾಲೆಗಳಲ್ಲಿ ಅದೇ ವಯಸ್ಸಿನ ಮಕ್ಕಳನ್ನು ಅಳೆದಾಗ ಅಲ್ಲಿಯೂ ಶೇ. 34ರಿಂದ 46ಕ್ಕೆ ಏರಿಕೆ ಕಂಡುಬಂದಿತು ಎಂದುಕೊಳ್ಳಿ. ಮಕ್ಕಳು ಒಂದು ವರ್ಷ ದೊಡ್ಡವರಾಗಿದ್ದಾರೆ, ಶಾಲೆಯೂ ತನ್ನ ಪಾಡಿಗೆ ಪಾಠ ಮಾಡಿದೆ. ಆಗ ಕಾರ್ಯಕ್ರಮದ ಪಾಲೆಂದು ಹೇಳಬಹುದಾದದ್ದು 26ರಲ್ಲಿ 12 ಕಳೆದು ಉಳಿದ 14 ಅಂಶ ಮಾತ್ರ, ಅದೂ ಎರಡು ಗುಂಪುಗಳು ಉಳಿದ ವಿಷಯಗಳಲ್ಲಿ ಹೋಲುತ್ತಿದ್ದರೆ. ಮುಖಪುಟಕ್ಕೆ ಹೋಗಲಿದ್ದ 35 ಹೀಗೆ 14 ಆಗುತ್ತದೆ. ಒಂದು ವರ್ಷದಲ್ಲಿ 14 ಅಂಶವೆಂದರೆ ಒಳ್ಳೆಯ ಸಾಧನೆಯೇ, ಅದನ್ನು ಹಾಗೆಂದೇ ತಲೆಯೆತ್ತಿ ಹೇಳಬಹುದು.

ಯಾರಿಗೆ ಕಾರ್ಯಕ್ರಮ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ ಹೋಲಿಸುವ ಪ್ರಯೋಗಗಳು ಈ ಪ್ರಶ್ನೆಗೆ ಅತಿ ಬಿಗಿಯಾದ ಉತ್ತರ ಕೊಡುತ್ತವೆ. ಬಡತನ ನಿವಾರಣೆಯ ಕ್ಷೇತ್ರದಲ್ಲಿ ಈ ಪ್ರಾಯೋಗಿಕ ವಿಧಾನವನ್ನು ಬೆಳೆಸಿದ್ದಕ್ಕಾಗಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಅದಕ್ಕೆ ಬೇಕಾದ ಹಣ, ಪರಿಣತಿ ಮತ್ತು ಜನರ ಸಂಖ್ಯೆ ಸಣ್ಣ ಸಂಸ್ಥೆಗಳಲ್ಲಿ ಇರುವುದಿಲ್ಲ, ಕಾನೂನು ಸುಧಾರಣೆಯಂಥ ಕೆಲಸಕ್ಕೆ ಅದು ಹೊಂದುವುದೂ ಇಲ್ಲ. ಅಂಥವರು ಹೋಲಿಕೆಗೆ ಸಿಗುವ ನೆರೆಯ ಪ್ರದೇಶ, ಸರತಿಯಲ್ಲಿ ಕಾಯುತ್ತಿರುವ ಅರ್ಜಿದಾರರು, ಸರ್ಕಾರಿ ಅಂಕಿಅಂಶ ಇವುಗಳಲ್ಲಿ ಯಾವುದಾದರೊಂದನ್ನು ಬಳಸಿ, ತಮ್ಮಿಂದಲೇ ಆಯಿತು ಎನ್ನುವ ಬದಲು ತಮ್ಮ ಕೊಡುಗೆಯೂ ಸೇರಿತ್ತು ಎಂದು ಹೇಳುವುದೇ ಪ್ರಾಮಾಣಿಕ ಮಾರ್ಗ.

ಸಾಮಾಜಿಕ ಫಲವನ್ನು ಹಣದ ರೂಪಕ್ಕೆ ತಂದು, ಹೂಡಿದ ಒಂದು ರೂಪಾಯಿಗೆ ಇಷ್ಟು ರೂಪಾಯಿಯ ಫಲ ಎಂದು ಹೇಳುವ ಎಸ್ಆರ್‌ಒಐ ಎಂಬ ವಿಧಾನವೂ ಬಳಕೆಯಲ್ಲಿದೆ. ಸಂಸ್ಥೆ ಇಲ್ಲದಿದ್ದರೂ ಆಗುತ್ತಿದ್ದದ್ದು, ಬೇರೆಯವರಿಂದ ಆದದ್ದು, ಒಂದೆಡೆಯ ಲಾಭ ಇನ್ನೊಂದೆಡೆಯ ನಷ್ಟವಾದದ್ದು, ವರ್ಷದಿಂದ ವರ್ಷಕ್ಕೆ ಕರಗುವ ಫಲ ಇವೆಲ್ಲವನ್ನೂ ಕಳೆಯಬೇಕೆಂಬ ಶಿಸ್ತು ಅದರಲ್ಲಿ ಮೆಚ್ಚತಕ್ಕದ್ದು. ಆದರೆ ಆತ್ಮವಿಶ್ವಾಸಕ್ಕೆ, ನೆಮ್ಮದಿಗೆ ಬೆಲೆ ಕಟ್ಟುವಾಗ ಊಹೆಗಳು ಎಷ್ಟೊಂದು ಸೇರುತ್ತವೆಂದರೆ, ಕೊನೆಯಲ್ಲಿ ಬರುವ ಅನುಪಾತದಿಂದ ಎರಡು ಸಂಸ್ಥೆಗಳನ್ನು ಹೋಲಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪರಿಸರದ ಲೆಕ್ಕ ಮತ್ತು ಫಲದ ಬಾಳಿಕೆ

ಒಳ್ಳೆಯ ಕೆಲಸ ಮಾಡುವ ಸಂಸ್ಥೆಗೆ ತನ್ನ ಇಂಗಾಲದ ಲೆಕ್ಕದಿಂದ ವಿನಾಯಿತಿ ಇಲ್ಲ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಿಎಚ್‌ಜಿ ಪ್ರೋಟೋಕಾಲ್ ಮೂರು ವ್ಯಾಪ್ತಿಗಳನ್ನು ಹೇಳುತ್ತದೆ: ಸ್ವಂತ ವಾಹನ ಮತ್ತು ಜನರೇಟರ್‌ಗಳಲ್ಲಿ ಉರಿಸಿದ ಇಂಧನ ಮೊದಲನೆಯದು, ಖರೀದಿಸಿದ ವಿದ್ಯುತ್ ಎರಡನೆಯದು, ವಿಮಾನ ಪ್ರಯಾಣ, ಕೊಂಡ ಸರಕು, ಕಸ ಮುಂತಾದ ಉಳಿದೆಲ್ಲವೂ ಮೂರನೆಯದು. ಆರಂಭಕ್ಕೆ ವರ್ಷದ ಇಂಧನ ಬಿಲ್ಲು, ವಿದ್ಯುತ್ ಬಿಲ್ಲು ಮತ್ತು ಪ್ರಯಾಣದ ಟಿಕೆಟ್‌ಗಳು ಸಾಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ 1,200 ಲೀಟರ್ ಬಳಸಿದ ಜೀಪಿನ ಲೆಕ್ಕ ಸುಮಾರು 3.2 ಟನ್. ವಿದ್ಯುತ್ತಿಗೆ ಆಯಾ ದೇಶದ ಜಾಲಕ್ಕೆ ಪ್ರಕಟವಾಗುವ ಗುಣಕವನ್ನು, ಅಂದರೆ ಒಂದು ಯೂನಿಟ್‌ಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಅಂಕಿಯನ್ನು, ಬಳಸಬೇಕು.

ಕಚೇರಿಯ ದೀಪ ಮತ್ತು ಕಾಗದಕ್ಕಿಂತ ಕಾರ್ಯಕ್ರಮದ ಪರಿಸರ ಪರಿಣಾಮವೇ ಸಾಮಾನ್ಯವಾಗಿ ದೊಡ್ಡದು. ಹಂಚಿದ ಸೌರ ದೀಪಗಳ ಬ್ಯಾಟರಿ ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ, ಕೊರೆದ ಬಾವಿಗಳಿಂದ ಅಂತರ್ಜಲ ಎಷ್ಟು ಕೆಳಗಿಳಿಯಿತು, ಪರಿಹಾರ ಸಾಮಗ್ರಿಯ ಪ್ಲಾಸ್ಟಿಕ್ ಹೊದಿಕೆ ಎಷ್ಟು ಎಂಬ ಪ್ರಶ್ನೆಗಳನ್ನು ಸೂಚಕಗಳ ಪಟ್ಟಿಗೆ ಸೇರಿಸಬೇಕು. ಫಲದ ಬಾಳಿಕೆಯೂ ಹಾಗೆಯೇ ಅಳೆಯತಕ್ಕದ್ದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿ 2019ರಲ್ಲಿ ಪರಿಷ್ಕರಿಸಿದ ಆರು ಮೌಲ್ಯಮಾಪನ ಮಾನದಂಡಗಳಲ್ಲಿ ಪ್ರಸ್ತುತತೆ, ಸುಸಂಗತತೆ, ಪರಿಣಾಮಕಾರಿತ್ವ, ದಕ್ಷತೆ ಮತ್ತು ಪರಿಣಾಮದ ಜೊತೆಗೆ ಬಾಳಿಕೆಯೂ ಒಂದು. ಧನಸಹಾಯ ಮುಗಿದ ಎರಡು ವರ್ಷಗಳ ನಂತರದ ಒಂದು ಭೇಟಿಗೆ ಮೂಲ ಬಜೆಟ್ಟಿನಲ್ಲೇ ಹಣ ತೆಗೆದಿಡದಿದ್ದರೆ ಆ ಭೇಟಿ ಎಂದೂ ಆಗುವುದಿಲ್ಲ.

ವರದಿ ಬರೆಯುವಾಗ

ವರದಿಗೆ ಸ್ವಂತ ಚೌಕಟ್ಟನ್ನು ಕಟ್ಟುವ ಮೊದಲು ಇರುವುದನ್ನು ನೋಡಬೇಕು. ಸುಸ್ಥಿರತೆಯ ವರದಿಗಳಿಗೆ ಮಾನದಂಡ ರೂಪಿಸುವ, 1997ರಲ್ಲಿ ಬಾಸ್ಟನ್‌ನಲ್ಲಿ ಆರಂಭವಾದ ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್ ಅಥವಾ ಜಿಆರ್‌ಐ 2000ದಲ್ಲಿ ತನ್ನ ಮೊದಲ ಮಾರ್ಗಸೂಚಿಯನ್ನು ಹೊರತಂದಿತು. ಅದರ ಸಾಮಾನ್ಯ ಮಾನದಂಡಗಳು 2021ರಲ್ಲಿ ಪರಿಷ್ಕರಣೆಗೊಂಡು 2023ರ ಜನವರಿ 1ರಿಂದ ಜಾರಿಯಲ್ಲಿವೆ. ಮಾನದಂಡಗಳ ಎಲ್ಲ ಷರತ್ತುಗಳನ್ನೂ ಪಾಲಿಸಿ ವರದಿ ಮಾಡುವುದು ಒಂದು ಬಗೆ, ಆಯ್ದ ಭಾಗಗಳನ್ನು ಉಲ್ಲೇಖಿಸಿ ಮಾಡುವುದು ಇನ್ನೊಂದು ಬಗೆ. ಸಣ್ಣ ಸಂಸ್ಥೆಗೆ ಎರಡನೆಯದೇ ಸೂಕ್ತ. ಯಾವ ಮಾಹಿತಿ ಯಾವ ಪುಟದಲ್ಲಿದೆ ಎಂಬ ಸೂಚಿ, ಮಾನದಂಡಗಳನ್ನು ಬಳಸಿದ ಬಗ್ಗೆ ಒಂದು ಹೇಳಿಕೆ ಮತ್ತು ಜಿಆರ್‌ಐಗೆ ಒಂದು ತಿಳಿವಳಿಕೆ ಪತ್ರ ಇದ್ದರೆ ಸಾಕು. ನಿಖರತೆ, ಸಮತೋಲನ, ಸ್ಪಷ್ಟತೆ, ಹೋಲಿಸಲು ಬರುವಿಕೆ, ಸಮಗ್ರತೆ, ಸುಸ್ಥಿರತೆಯ ಹಿನ್ನೆಲೆ, ಸಕಾಲಿಕತೆ, ಪರಿಶೀಲಿಸಲು ಬರುವಿಕೆ ಎಂಬ ಅದರ ಎಂಟು ತತ್ವಗಳಲ್ಲಿ ಸೇವಾ ಸಂಸ್ಥೆಗಳು ಹೆಚ್ಚು ಎಡವುವುದು ಸಮತೋಲನದಲ್ಲಿ.

ಅದನ್ನು ಸಾಧಿಸಲು ಒಂದು ನಿಶ್ಚಿತ ಕ್ರಮವಿದೆ. ಕಳೆದ ವರ್ಷದ ವರದಿಯಲ್ಲಿ ಹೇಳಿದ್ದ ಪ್ರತಿ ಗುರಿಯನ್ನೂ ಈ ವರ್ಷದ ವರದಿಯಲ್ಲಿ ಮತ್ತೆ ಬರೆದು, ಅದರ ಎದುರಿಗೆ ಆದದ್ದನ್ನು ಬರೆಯಿರಿ. ಆಗದಿದ್ದ ಗುರಿಯನ್ನು ಪಟ್ಟಿಯಿಂದ ಕಣ್ಮರೆಯಾಗಿಸಬೇಡಿ. ಕೆನಡಾದ ‘ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್’ 2008ರಿಂದ ತನ್ನ ವಿಫಲತೆಗಳ ಬಗ್ಗೆಯೇ ಪ್ರತ್ಯೇಕ ವರದಿ ಪ್ರಕಟಿಸತೊಡಗಿ ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಿತು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ವಿಷಯದಲ್ಲೂ ಸಂಯಮ ಬೇಕು. 17 ಗುರಿಗಳ ಬಣ್ಣದ ಚಿಹ್ನೆಗಳನ್ನು ಪುಟದ ತುಂಬ ಅಂಟಿಸುವುದರಿಂದ ಏನೂ ತಿಳಿಯುವುದಿಲ್ಲ. ಅವುಗಳಡಿಯ 169 ಉಪಗುರಿಗಳಲ್ಲಿ ತಮ್ಮ ಕೆಲಸ ನಿಜವಾಗಿ ತಾಗುವ ಒಂದೆರಡನ್ನು ಹೆಸರಿಸಿ, ತಮ್ಮ ಸೂಚಕ ಅದರೊಡನೆ ಹೇಗೆ ಹೊಂದುತ್ತದೆ ಎಂದು ವಿವರಿಸಿದರೆ ಓದುಗರಿಗೆ ಉಪಯೋಗವಿದೆ. ಲೆಕ್ಕಪರಿಶೋಧಿತ ಖರ್ಚಿನ ವಿವರವೂ ಫಲಿತಾಂಶದ ವಿವರವೂ ಒಂದೇ ಅವಧಿಗೆ, ಒಂದೇ ಕಾರ್ಯಕ್ರಮದ ಹೆಸರುಗಳಡಿ ಇರಲಿ, ಇಲ್ಲದಿದ್ದರೆ ಯಾವ ಹಣದಿಂದ ಏನಾಯಿತೆಂದು ಯಾರಿಗೂ ಕೂಡಿಸಿ ನೋಡಲು ಬರುವುದಿಲ್ಲ.

ಕೊನೆಯ ಹಂತ, ವರದಿಯನ್ನು ಸೇವೆ ಪಡೆದವರ ಬಳಿಗೆ ಒಯ್ಯುವುದು. ಅಚ್ಚಿಗೆ ಕಳುಹಿಸುವ ಮೊದಲೇ, ಅವರ ಭಾಷೆಯಲ್ಲಿ, ಓದಲು ಬಾರದವರಿಗೂ ತಿಳಿಯುವಂತೆ ಸಭೆಯಲ್ಲಿ ಮುಖ್ಯ ಅಂಕಿಗಳನ್ನು ಹೇಳಿ, ಇದು ಸರಿಯೆನಿಸುತ್ತದೆಯೇ ಎಂದು ಕೇಳಬೇಕು. ಅವರು ಎತ್ತಿದ ಆಕ್ಷೇಪಗಳನ್ನು ಅದೇ ವರದಿಯಲ್ಲಿ ಸಂಸ್ಥೆಯ ಉತ್ತರದೊಡನೆ ಪ್ರಕಟಿಸಬೇಕು. ಸಭೆಯ ನಂತರದ ಒಂದು ತಿಂಗಳೊಳಗೆ ಆಡಳಿತ ಮಂಡಳಿ ಸೇರಿ, ಮೊದಲ ಹಂತದಲ್ಲಿ ಬರೆದಿಟ್ಟ ತೀರ್ಮಾನಗಳ ಪಟ್ಟಿಯನ್ನು ತೆರೆದು, ಪ್ರತಿಯೊಂದರ ಮುಂದೆ ಈಗ ಏನು ನಿರ್ಧರಿಸಿದೆವು, ಯಾವ ಸೂಚಕವನ್ನು ಉಳಿಸಿಕೊಂಡೆವು, ಯಾವುದನ್ನು ಕೈಬಿಟ್ಟೆವು ಎಂದು ಕಾರಣ ಸಹಿತ ನಡಾವಳಿಯಲ್ಲಿ ದಾಖಲಿಸಬೇಕು. ಮುಂದಿನ ವರ್ಷದ ಬೇಸ್‌ಲೈನ್ ಸಮೀಕ್ಷೆಯ ತಾರೀಕನ್ನೂ ಅದೇ ಸಭೆಯಲ್ಲಿ ಗೊತ್ತುಪಡಿಸಬೇಕು.